ಏಳನೇ ಹಾಡು ಬರೋತನಕ

ಟಿಕೀಟಿನ ಮ್ಯಾಲ ಸೀಟ್ ನಂಬರ್ ಅದ, ಕೂತವರು ಯಾರೂ ಇಲ್ಲ.
ಕಲಬುರಗಿ ರಂಗಮಂದಿರದಾಗ ಎಂಟ್ನೂರು ಮಂದಿ
ಕುರ್ಚಿ ಏರಿ ನಿಂತಾರ,
ಏಪ್ರಿಲಿನ ಝಳ ಎಲ್ಲರ ಬೆನ್ನಿಗೂ ಒಂದೇ ಅಂಗಿ ಹೊಲಿದದ.

ಹದಿನಾರು ವರ್ಷ ಆತು ಆಲ್ಬಮ್ಮಿಗೆ.
'ಬರಿಗಾಲ ಪರಸಿ.' ಹನ್ನೊಂದು ಹಾಡು.
ಅಂಗಡ್ಯಾಗ ಎಂದೂ ಮಾರಿಲ್ಲ;
ಮೊಬೈಲಿಂದ ಮೊಬೈಲಿಗೆ, ಬ್ಲೂಟೂತಿನ್ಯಾಗ,
ವಾಡಿ ಜಂಕ್ಷನ್ನಿನ ಬೆಂಚಿನಿಂದ ಬೀದರಿನ ಹಾಸ್ಟೆಲಿಗೆ
ನೆಗಡಿ ಹರಡಿದಂಗ ಹರಡಿತು.
ಇವತ್ತು ಮೊದಲನೇದರಿಂದ ಕಡೀದರ ತನಕ
ಒಂದೂ ಬಿಡದ, ಸಾಲು ತಪ್ಪದ ಹಾಡ್ತಾರಂತ.
ಹಾಡು ಅನ್ನಬ್ಯಾಡ ಅಂತಾನ ಬಾಜೂಕಿನ ಹುಡುಗ,
ರ‍್ಯಾಪ್ ಅನ್ನು ಅಕ್ಕಾ.

ಸೈಬಣ್ಣಗ ಹೊಟ್ಟಿ ಬಂದದ. ಭೀಮಶಾನ ತಲಿ ನುಣ್ಣಗಾಗ್ಯದ.
ಮೌಲಾಲಿ ಮಾತ್ರ ಹಂಗೇ, ಕಡ್ಡಿ,
ಮೈಕ್ ಹಿಡಿಯೂದು ಇನ್ನೂ ಸುತ್ತಿಗಿ ಹಿಡಿದಂಗ.
ಮೂವರೂ ಶಹಾಬಾದಿನ ಖಣಿ ಕೆಲಸದವರ ಮಕ್ಕಳು,
ಕಲ್ಲು ಪದರ ಪದರ ಬಿಡಿಸೂದು ನೋಡಿ
ಮಾತು ಬಿಡಿಸೂದು ಕಲ್ತವರು:
ಒಂದು ಏಟು, ಒಂದು ಉಸಿರು,
ಎರಡು ಏಟು, ಬಿರುಕು,
ಮ್ಯಾಲಿನ ಪದರ ಕನ್ನಡ, ಕೆಳಗಿಂದು ಉರ್ದು,
ಒಡೀಲಾರದ ಜಾಗಾದಾಗ ಬೈಗಳ.

ವೇದಿಕಿ ಮ್ಯಾಲ ಒಂದು ಹಳೀ ಟೇಬಲ್ ಫ್ಯಾನ್ ಅದ.
ಅದಕ್ಕೊಂದು ಬ್ಯಾರೆ ಮೈಕು.
ಗರ್ ಕಟ್, ಗರ್ ಕಟ್.
ಎಂಟ್ನೂರು ಮಂದಿ ಫ್ಯಾನಿಗಿ ಚಪ್ಪಾಳಿ ಹೊಡೀತಾರ.
ಆಲ್ಬಮ್ಮಿನ ತುಂಬ ಆ ಫ್ಯಾನಿನ ಸಪ್ಪಳ ಅದ,
ಏಳನೇ ಹಾಡಿನ ಅರ್ಧದ ತನಕ.

ಮೊಬೈಲ್ ರಿಪೇರಿ ಅಂಗಡಿ. ಶಟರ್ ಇಳಿಸಿ,
ಸುತ್ತ ಕೌದಿ ತೂಗಬಿಟ್ಟು ರೆಕಾರ್ಡ್ ಮಾಡ್ಲತ್ತಿದ್ರು.
ನನಗ ಹನ್ನೊಂದು ವರ್ಷ. ಅವ್ವ ಕೊಟ್ಟ ಕೆಟ್ಲಿ, ನಾಕು ಗ್ಲಾಸು.
ಸದ್ದು ಮಾಡದ ಒಳಗ ಬಾ ಅಂದಿದ್ರು, ಹೋಗಿದ್ದೆ.
ಫ್ಯಾನ್ ನಿಂತಿತು. ಲ್ಯಾಪ್‌ಟಾಪಿನ ಬೆಳಕಷ್ಟೇ.
ನಾ ಒದರಿದೆ: "ಅಣ್ಣಾ, ಕರೆಂಟ್ ಹೋತು!"
ಅವರು ಅಳಿಸಲಿಲ್ಲ ಅದನ್ನ.

ಆಮ್ಯಾಲ ಅದು ನನ್ನದಾಗಿ ಉಳೀಲಿಲ್ಲ.
ಅಂಗಿ ಮ್ಯಾಲ ಅಚ್ಚಾತು, ಆಟೋದ ಹಿಂದ ಬಂತು,
ಕಾಲೇಜಿನ್ಯಾಗ ಮಾಸ್ತರ ಕೈಯಾಗಿನ ಚಾಕ್ ಮುರಿದ್ರೂ
ಹಿಂದಿನ ಬೆಂಚು ಅದನ್ನೇ ಒದರ್ತಿತ್ತು.
ಈಗ ನಂದು ವಿದ್ಯುತ್ ಕಂಪನಿಯ ದೂರು ಕೇಂದ್ರ, ರಾತ್ರಿ ಪಾಳಿ.
ಫೋನ್ ಎತ್ತಿದ್ರ ಸಾಕು, ಆಳಂದದಿಂದ, ಜೇವರ್ಗಿಯಿಂದ,
ಊರಿಗೂರೇ ನನ್ನ ಸಾಲು ನನಗೇ ಹೇಳ್ತದ.
ಬರಕೋತೀನಿ: ಟೈಮು, ಕಂಬದ ನಂಬರು.

"ಮುಂದ ಒಂದು ಹುಡಗಿ ದನಿ ಬರ್ತದ ನೋಡು," ಅಂದ ಹುಡುಗ,
"ಖರೇ ದನಿ ಅಲ್ಲ ಅಕ್ಕಾ, ಯಾವುದೋ ಸಿನಿಮಾದಿಂದ ಎತ್ತ್ಯಾರ."
ಹೌದೇನೋ ಅಂದೆ.

ಐದು ಆತು. ಆರನೇದರಾಗ ಭೀಮಶಾ ಸಾಲು ಮರತ,
ಮಂದಿ ಹೇಳಿಕೊಟ್ರು, ಕೈ ಮುಗದ.
ಏಳು.
ಅರ್ಧ.
ದೀಪ ಎಲ್ಲಾ ಆರಿಸಿದ್ರು, ಫ್ಯಾನ್ ಉಸಿರು ಬಿಟ್ಟು ನಿಂತಿತು,
ಎಂಟ್ನೂರು ಗಂಟಲು ಒಂದೇ ಹೊಡತಕ್ಕ
ಹನ್ನೊಂದು ವರ್ಷದ ನನ್ನ ಬಾಯಿ ಆದವು.
ನಾ ಒದರಲಿಲ್ಲ. ನಾಲಿಗಿ ಒಣಗಿತ್ತು.

ಅದರ ಮುಂದ ಆಲ್ಬಮ್ಮಿನ್ಯಾಗ ನಾಕು ಎಣಿಕಿ ಖಾಲಿ ಅದ.
ಖಾಲಿ ಅಲ್ಲ ಅದು. ಕತ್ತರಿಸಿದ್ದು.
ಒಂದು, ಎರಡು,
"ಚಾ ಆರ್ಲತ್ತದ, ಕುಡೀರಿ," ಅಂದೆ,
ಕತ್ತಲಿಗೆ. ದೊಡ್ಡ ದನಿ ಏನಲ್ಲ,
ಒಂದು ಕೆಟ್ಲಿ ಹಿಡಿಸುವಷ್ಟು.

ಮೂರು. ನಾಕು.
ಮೌಲಾಲಿ ಬರಬೇಕಿತ್ತು. ಬರಲಿಲ್ಲ.
ಐದು. ಮೈಕಿನ್ಯಾಗ ಬರೇ ಉಸಿರು.
"ಜಗ್ಗಿ?"

ಹುಡುಗ ನನ್ನ ಕಡೆ ಹೊಳ್ಳಿದ್ದು ಕತ್ತಲಾಗೂ ಗೊತ್ತಾತು.
ಅಷ್ಟರಾಗ ಸೈಬಣ್ಣ ಏಟು ಹಾಕಿದ, ಹಾಡು ಎದ್ದು ನಿಂತಿತು,
ಫ್ಯಾನಿಲ್ಲದ, ಸ್ವಚ್ಛ.
ಇನ್ನೂ ನಾಕೂವರೆ ಹಾಡು ಬಾಕಿ.
ನನ್ನ ಪಾಳಿ ಹತ್ತೂವರೆಗೆ.